ಅಮ್ಮನ ಮಾತ್ರೆಯ ಹುಟ್ಟೂರು

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದಾಗ ಅಡುಗೆಮನೆಯಲ್ಲಿ ಮೆಂತ್ಯ ಹುಡುಕುತ್ತಾ ಒಂದು ಸ್ಟೀಲ್ ಡಬ್ಬಿ ತೆಗೆದೆ. ಒಳಗೆ ಮೆಂತ್ಯ ಇರಲಿಲ್ಲ, ನಾಲ್ಕು ಶೀಟು ಮಾತ್ರೆ ಇದ್ದವು. ಟ್ಯಾಮಾಕ್ಸಿಫೆನ್, 20 ಮಿಲಿಗ್ರಾಂ. ಒಂದನ್ನೂ ಒಡೆದಿರಲಿಲ್ಲ. ದಿನಕ್ಕೊಂದರಂತೆ 40 ದಿನದ ಮಾತ್ರೆ.

ಅಮ್ಮನಿಗೆ 49ನೇ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಅಂತ ಗೊತ್ತಾಯಿತು. ಆಪರೇಷನ್ ಆಯಿತು, ಕೀಮೋ ಆಯಿತು, ರೇಡಿಯೇಷನ್ ಆಯಿತು, ಉದುರಿದ ಕೂದಲು ಗುಂಗುರಾಗಿ ಮತ್ತೆ ಬಂತು. ಎಲ್ಲ ಮುಗಿಯಿತು ಅಂತ ನಾವು ಅಂದುಕೊಂಡ ದಿನ ಡಾಕ್ಟರು ಈ ಬಿಳಿ ಮಾತ್ರೆ ಬರೆದುಕೊಟ್ಟು, ಐದು ವರ್ಷ, ತಪ್ಪಿಸಬೇಡಿ ಅಂದಿದ್ದರು. ಒಂದು ಶೀಟಿಗೆ ಇಂದಿರಾನಗರದ ಕೆಫೆಯಲ್ಲಿ ನಾನು ಒಂದು ಕಾಫಿಗೆ ಕೊಡುವಷ್ಟು ದುಡ್ಡೂ ಆಗಲ್ಲ.

"ಯಾಕಮ್ಮ ಬಿಟ್ಟಿದ್ದೀಯ?" ಅಂದೆ.

ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಮೈಯೆಲ್ಲ ಧಗಧಗ ಅಂತೈತೆ ಕಣೋ. ರಾತ್ರಿ ನಿದ್ದೆ ಇಲ್ಲ. ಅದೂ ಅಲ್ದೆ ಅದು ಹಾರ್ಮೋನ್ ಮಾತ್ರೆಯಂತೆ. ರೋಗ ಬಂದಿದ್ದೇ ಹಾರ್ಮೋನಿಂದ ಅಂತ ಅವ್ರೇ ಹೇಳಿದ್ರು. ರಿಪೋರ್ಟಲ್ಲೂ ಪಾಸಿಟಿವ್ ಅಂತ ಬರ್ದವ್ರೆ. ಮತ್ತೆ ಅದನ್ನೇ ಯಾಕಪ್ಪ ನುಂಗ್ಲಿ?"

ಕೊರೊನಾ ಬಂದಮೇಲೆ ನಮ್ಮೂರಲ್ಲಿ ಪಾಸಿಟಿವ್ ಅಂದರೆ ಕೆಟ್ಟ ಸುದ್ದಿ ಅಂತಲೇ ಅರ್ಥ. ಹಾರ್ಮೋನ್ ಅಂದರೆ ಬೆದೆಗೆ ಬಾರದ ಹಸುವಿಗೆ ವೆಟರ್ನರಿ ಡಾಕ್ಟರು ಹಾಕುವ ಇಂಜೆಕ್ಷನ್. ಇವೆರಡನ್ನು ಸೇರಿಸಿ ಅಮ್ಮ ತೆಗೆದ ತೀರ್ಮಾನದಲ್ಲಿ ತರ್ಕದ ತಪ್ಪು ಒಂದೂ ಇರಲಿಲ್ಲ. ತಪ್ಪು ಇದ್ದದ್ದು ಮಾಹಿತಿಯಲ್ಲಿ. ಅದನ್ನು ಸರಿ ಮಾಡೋಣ ಅಂದರೆ ನನಗೂ ಏನೂ ಗೊತ್ತಿರಲಿಲ್ಲ. ಪಿಯುಸಿಯಲ್ಲಿ ಬಯಾಲಜಿ ಬೇಡ ಅಂತ ಕಂಪ್ಯೂಟರ್ ಸೈನ್ಸ್ ತಗೊಂಡು, ಬಿಇ ಮುಗಿಸಿ, ಜಾವಾ ಬರೆದು ಬದುಕುತ್ತಿರುವವನು ನಾನು. ಹಬ್ಬ ಮುಗಿಸಿ ಬೆಂಗಳೂರಿಗೆ ಬಂದಮೇಲೆ ರಾತ್ರಿ ಹೊತ್ತು ಓದಲು ಶುರುಮಾಡಿದೆ. ಈ ಮಾತ್ರೆ ಎಲ್ಲಿಂದ ಬಂತು, ಒಳಗೆ ಹೋಗಿ ಏನು ಮಾಡುತ್ತೆ? ಇಷ್ಟು ತಿಳಿದುಕೊಂಡರೆ ಸಾಕು ಅಂದುಕೊಂಡಿದ್ದೆ. ಆದರೆ ಕಥೆ ಶುರುವಾಗುವುದೇ ಹಸುವಿನಿಂದ ಅಂತ ಗೊತ್ತಾದಾಗ ಬಿಡೋಕೆ ಮನಸ್ಸಾಗಲಿಲ್ಲ.

ಸ್ಕಾಟ್ಲೆಂಡಿನ ಜಾರ್ಜ್ ಬೀಟ್ಸನ್ ಅನ್ನುವ ಡಾಕ್ಟರು 1870ರ ದಶಕದಲ್ಲಿ, ಇನ್ನೂ ಹುಡುಗ ವಯಸ್ಸಿನಲ್ಲಿ, ಹಾಲು ಹೇಗೆ ಉತ್ಪತ್ತಿಯಾಗುತ್ತೆ ಅನ್ನುವುದರ ಬಗ್ಗೆ ಪ್ರಬಂಧ ಬರೆಯುತ್ತಿದ್ದರು. ಆಗ ಅವರ ಕಿವಿಗೆ ಒಂದು ವಿಷಯ ಬಿತ್ತು. ಕೆಲವು ದೇಶಗಳ ರೈತರು ಹಸು ಕರು ಹಾಕಿದ ಮೇಲೆ ಅದರ ಅಂಡಾಶಯ ತೆಗೆಸಿಬಿಡುತ್ತಾರೆ, ಹಾಗೆ ಮಾಡಿದರೆ ಹಾಲು ಬತ್ತದೆ ಬಹಳ ಕಾಲ ಬರುತ್ತೆ ಅಂತ. ಹೊಟ್ಟೆಯೊಳಗಿನ ಅಂಡಾಶಯಕ್ಕೂ ಕೆಚ್ಚಲಿಗೂ ಏನು ಸಂಬಂಧ? ಎರಡರ ನಡುವೆ ನೇರವಾಗಿ ಹೋಗುವ ನರ ಯಾವುದೂ ಇಲ್ಲ. ಹಾರ್ಮೋನ್ ಅನ್ನುವ ಪದವೇ ಆಗ ಹುಟ್ಟಿರಲಿಲ್ಲ. ಬೀಟ್ಸನ್ ಈ ಪ್ರಶ್ನೆಯನ್ನು ಇಪ್ಪತ್ತು ವರ್ಷ ಜೇಬಿನಲ್ಲಿಟ್ಟುಕೊಂಡು ಓಡಾಡಿದರು. 1895ರ ಜೂನ್‌ನಲ್ಲಿ ಗ್ಲಾಸ್ಗೋದಲ್ಲಿ 33 ವರ್ಷದ ಒಬ್ಬ ಹೆಂಗಸಿನ ಸ್ತನ ಕ್ಯಾನ್ಸರ್ ಆಪರೇಷನ್ ಆದಮೇಲೂ ಮರುಕಳಿಸಿತ್ತು, ಇನ್ನೇನೂ ಮಾಡುವಂತಿರಲಿಲ್ಲ. ಅವಳ ಒಪ್ಪಿಗೆ ಪಡೆದು ಬೀಟ್ಸನ್ ಅವಳ ಅಂಡಾಶಯಗಳನ್ನು ತೆಗೆದರು. ಎಂಟು ತಿಂಗಳಲ್ಲಿ ಗಡ್ಡೆ ಕಾಣದ ಹಾಗೆ ಕರಗಿತ್ತು. 1896ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು.

ಬೇರೆ ಡಾಕ್ಟರುಗಳೂ ಮಾಡಿ ನೋಡಿದರು. ಸುಮಾರು ಮೂವರಲ್ಲಿ ಒಬ್ಬರಿಗೆ ಗುಣ ಕಂಡಿತು, ಉಳಿದ ಇಬ್ಬರಿಗೆ ಏನೂ ಆಗಲಿಲ್ಲ. ಯಾರಿಗೆ ಕೆಲಸ ಮಾಡುತ್ತೆ, ಯಾರಿಗೆ ಮಾಡಲ್ಲ ಅಂತ ಮೊದಲೇ ಹೇಳುವ ದಾರಿ ಇರಲಿಲ್ಲ. ಮುಂದಿನ ಎಪ್ಪತ್ತು ವರ್ಷ ಅದೆಷ್ಟು ಹೆಂಗಸರು ಸುಮ್ಮನೆ ಹೊಟ್ಟೆ ಕುಯ್ಯಿಸಿಕೊಂಡರೋ. ಎಲ್ಲೋ ಒಂದು ಇಫ್ ಕಂಡಿಷನ್ ಇದೆ, ಆದರೆ ಅದರೊಳಗೆ ಏನು ಬರೆದಿದೆ ಅಂತ ಯಾರಿಗೂ ಕಾಣಿಸುತ್ತಿಲ್ಲ, ಹಾಗಿತ್ತು ಪರಿಸ್ಥಿತಿ.

ಆ ಕಂಡಿಷನ್ ಓದಿದವರು ಷಿಕಾಗೋದ ಎಲ್ವುಡ್ ಜೆನ್ಸನ್. ಮೂಲತಃ ಕೆಮಿಸ್ಟ್ರಿಯವರು. ಹಾರ್ಮೋನ್ ಮತ್ತು ಕ್ಯಾನ್ಸರಿನ ಸಂಬಂಧ ಹುಡುಕಿ ಮುಂದೆ 1966ರಲ್ಲಿ ನೊಬೆಲ್ ಪಡೆದ ಚಾರ್ಲ್ಸ್ ಹಗ್ಗಿನ್ಸ್ ಅವರ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದರು. 1950ರ ದಶಕದಲ್ಲಿ ಎಲ್ಲರೂ ನಂಬಿದ್ದು ಹೀಗೆ: ಈಸ್ಟ್ರೊಜನ್ ಜೀವಕೋಶದೊಳಗೆ ಹೋಗುತ್ತೆ, ಅಲ್ಲಿ ಕಿಣ್ವಗಳು ಅದನ್ನು ಬೇರೆ ರೂಪಕ್ಕೆ ಬದಲಿಸುತ್ತವೆ, ಆ ಬದಲಾವಣೆ ನಡೆಯುವಾಗಲೇ ಕೆಲಸ ಆಗುತ್ತೆ. ಸೌದೆ ಉರಿದರೆ ಶಾಖ ಬರುವ ಹಾಗೆ. ಜೆನ್ಸನ್ ಬೇರೆ ಪ್ರಶ್ನೆ ಕೇಳಿದರು. ಹಾರ್ಮೋನು ಜೀವಕೋಶಕ್ಕೆ ಏನು ಮಾಡುತ್ತೆ ಅನ್ನೋದು ಹಾಗಿರಲಿ, ಜೀವಕೋಶ ಹಾರ್ಮೋನಿಗೆ ಏನು ಮಾಡುತ್ತೆ ಅಂತ ನೋಡೋಣ. ಹರ್ಬರ್ಟ್ ಜೇಕಬ್ಸನ್ ಜತೆ ಸೇರಿ ಈಸ್ಟ್ರೊಜನ್ನಿನ ಮುಖ್ಯ ರೂಪವಾದ ಎಸ್ಟ್ರಾಡಯಾಲ್‌ಗೆ ವಿಕಿರಣ ಸೂಸುವ ಟ್ರೀಷಿಯಂ ಸೇರಿಸಿದರು. ನಾವು ಒಂದು ರಿಕ್ವೆಸ್ಟಿಗೆ ಟ್ರೇಸ್ ಐಡಿ ಅಂಟಿಸಿ, ಅದು ಯಾವ ಯಾವ ಸರ್ವರ್‌ಗೆ ಹೋಯಿತು ಅಂತ ಲಾಗ್ ನೋಡ್ತೀವಲ್ಲ, ಹಾಗೆ. ಆ ಹಾರ್ಮೋನನ್ನು ಇಲಿಮರಿಗಳಿಗೆ ಚುಚ್ಚಿ ನೋಡಿದರೆ, ಮಾಂಸಖಂಡದಂಥ ಅಂಗಗಳು ಅದನ್ನು ಹಿಡಿದಿಟ್ಟುಕೊಳ್ಳದೆ ಬಿಟ್ಟುಬಿಟ್ಟವು. ಗರ್ಭಕೋಶ ಮಾತ್ರ ಬಿಗಿಯಾಗಿ ಹಿಡಿದುಕೊಂಡಿತ್ತು. ಹಿಡಿದುಕೊಂಡ ಹಾರ್ಮೋನು ಒಂದಿಷ್ಟೂ ಬದಲಾಗಿರಲಿಲ್ಲ, ಹೋದ ಹಾಗೇ ಇತ್ತು. ಅಂದರೆ ಇದು ಉರಿಯುವ ಸೌದೆಯಲ್ಲ. ಇದನ್ನು ಗುರುತಿಸಿ ಹಿಡಿಯುವ ಏನೋ ಒಂದು ಒಳಗೆ ಕೂತಿದೆ. ಅದೇ ರಿಸೆಪ್ಟರ್.

1958ರಲ್ಲಿ ವಿಯೆನ್ನಾದ ಬಯೋಕೆಮಿಸ್ಟ್ರಿ ಸಮ್ಮೇಳನದಲ್ಲಿ ಜೆನ್ಸನ್ ಇದನ್ನು ಹೇಳಿದಾಗ ಕೇಳಲು ಬಂದವರು ಐದು ಜನ. ಅವರಲ್ಲಿ ಮೂವರು ಅದೇ ಗೋಷ್ಠಿಯ ಬೇರೆ ಭಾಷಣಕಾರರು. ಅದೇ ಹೊತ್ತಿಗೆ ಈಸ್ಟ್ರೊಜನ್ ಹೇಗೆ ರೂಪ ಬದಲಿಸುತ್ತೆ ಅನ್ನುವ ಇನ್ನೊಂದು ಗೋಷ್ಠಿಯಲ್ಲಿ ಸಾವಿರಕ್ಕಿಂತ ಹೆಚ್ಚು ಜನ ಕೂತಿದ್ದರಂತೆ. ಆಫೀಸಿನಲ್ಲಿ ನನ್ನ ಡಿಸೈನ್ ರಿವ್ಯೂಗೆ ಯಾರೂ ಬಂದಿಲ್ಲ ಅಂತ ಮುನಿಸಿಕೊಂಡಾಗ ಈಗ ಇದನ್ನು ನೆನೆಸಿಕೊಳ್ಳುತ್ತೇನೆ. (ನನ್ನ ಡಿಸೈನ್ ಅಷ್ಟೇನೂ ಚೆನ್ನಾಗಿರಲಿಲ್ಲ, ಅದು ಬೇರೆ ಮಾತು.)

1970ರ ದಶಕದ ಹೊತ್ತಿಗೆ ಜೆನ್ಸನ್, ಗಡ್ಡೆಯ ಚೂರಿನಲ್ಲಿ ಈ ರಿಸೆಪ್ಟರ್ ಎಷ್ಟಿದೆ ಅಂತ ಅಳೆದು, ಯಾರಿಗೆ ಹಾರ್ಮೋನ್ ಚಿಕಿತ್ಸೆ ಹಿಡಿಯುತ್ತೆ, ಯಾರಿಗೆ ಹಿಡಿಯಲ್ಲ ಅಂತ ಮೊದಲೇ ಹೇಳಬಹುದು ಅಂತ ತೋರಿಸಿದರು. ಬೀಟ್ಸನ್ ಕಾಲದಿಂದ ಒಗಟಾಗಿಯೇ ಇದ್ದ ಮೂರರಲ್ಲಿ ಒಂದರ ಲೆಕ್ಕಕ್ಕೆ ಉತ್ತರ ಅದು. ಅಮ್ಮನ ರಿಪೋರ್ಟಿನಲ್ಲಿದ್ದ 'ಇಆರ್ ಪಾಸಿಟಿವ್' ಅನ್ನುವ ಎರಡು ಪದದ ಅರ್ಥ ಇಷ್ಟೇ: ಗಡ್ಡೆಯ ಜೀವಕೋಶಗಳಲ್ಲಿ ಈ ರಿಸೆಪ್ಟರ್ ಇದೆ, ಅದಕ್ಕೆ ಔಷಧಿ ಇದೆ. ಇಂಥ ಕಡೆ ಪಾಸಿಟಿವ್ ಅಂದರೆ ಒಳ್ಳೆ ಸುದ್ದಿ. ಅದನ್ನು ಹೇಳಲು ಆಸ್ಪತ್ರೆಯಲ್ಲಿ ಯಾರಿಗೂ ಎರಡು ನಿಮಿಷ ಸಿಕ್ಕಿರಲಿಲ್ಲ. ನಾವೂ ಕೇಳಿರಲಿಲ್ಲ ಅನ್ನಿ.

ಮಾತ್ರೆಯ ಹುಟ್ಟೂರು ಮಾತ್ರ ಷಿಕಾಗೋ ಅಲ್ಲ. ಅದು ಇಂಗ್ಲೆಂಡಿನ ಚೆಷೈರ್‌ನ ಆಲ್ಡರ್ಲಿ ಪಾರ್ಕ್, ಐಸಿಐ ಕಂಪನಿಯ ಪ್ರಯೋಗಾಲಯ. ಅವರು ಹುಡುಕುತ್ತಿದ್ದದ್ದೂ ಕ್ಯಾನ್ಸರ್ ಔಷಧಿಯನ್ನಲ್ಲ. 1960ರ ದಶಕದ ಶುರು, ಗರ್ಭನಿರೋಧಕ ಮಾತ್ರೆ ಆಗತಾನೆ ಬಂದಿತ್ತು, ಎಲ್ಲ ಕಂಪನಿಗಳಿಗೂ ಅದೇ ಕನಸು. ಆರ್ಥರ್ ವಾಲ್ಪೋಲ್ ಅನ್ನುವವರ ತಂಡಕ್ಕೆ ಒಪ್ಪಿಸಿದ್ದ ಕೆಲಸ, ಕೂಡಿದ ಮೇಲೆ ತೆಗೆದುಕೊಂಡರೂ ಗರ್ಭ ನಿಲ್ಲದಂತೆ ಮಾಡುವ ಮಾತ್ರೆ ಹುಡುಕುವುದು. ಅಮೆರಿಕದಲ್ಲಿ ಲೆನರ್ಡ್ ಲರ್ನರ್ ಅನ್ನುವವರು 1958ರಲ್ಲೇ ಈಸ್ಟ್ರೊಜನ್ನಿಗೆ ಅಡ್ಡ ಬರುವ ಮೊದಲ ರಾಸಾಯನಿಕವನ್ನು ವರದಿ ಮಾಡಿದ್ದರು, ಆ ಜಾತಿಯ ಅಣುಗಳ ಮೇಲೆ ಎಲ್ಲರ ಕಣ್ಣಿತ್ತು. ವಾಲ್ಪೋಲ್ ತಂಡದಲ್ಲಿದ್ದ ಡೋರಾ ರಿಚರ್ಡ್ಸನ್ ಅನ್ನುವ ಕೆಮಿಸ್ಟ್ 1962ರಲ್ಲಿ ಒಂದು ಹೊಸ ಅಣು ತಯಾರಿಸಿದರು. ಕಂಪನಿಯ ರಿಜಿಸ್ಟರಿನಲ್ಲಿ ಅದಕ್ಕೆ ಬಿದ್ದ ನಂಬರ್ ಐಸಿಐ 46,474.

ಇಲ್ಲಿ ಸ್ವಲ್ಪ ನಿಧಾನಿಸಬೇಕು. ಆ ಅಣುವಿನ ನಡುವೆ ಎರಡು ಇಂಗಾಲದ ಪರಮಾಣುಗಳ ಮಧ್ಯೆ ಜೋಡಿಬಂಧ ಇದೆ. ಒಂಟಿ ಬಂಧವಾದರೆ ತಿರುಗಣೆಯ ಹಾಗೆ ಸುತ್ತಿಸಬಹುದು. ಜೋಡಿಬಂಧ ತಿರುಗಲ್ಲ, ಎರಡು ಮೊಳೆ ಹೊಡೆದ ಹಲಗೆಯ ಹಾಗೆ ಬಿಗಿ. ಆದ್ದರಿಂದ ಅದರ ಎರಡು ತುದಿಗೆ ಅಂಟಿದ ಗುಂಪುಗಳು ಯಾವ ಮಗ್ಗುಲಿಗೆ ಇವೆ ಅನ್ನುವುದರ ಮೇಲೆ ಎರಡು ಬೇರೆ ಬೇರೆ ಅಣುಗಳಾಗುತ್ತವೆ. ಪರಮಾಣುಗಳ ಪಟ್ಟಿ ಒಂದೇ, ತೂಕ ಒಂದೇ, ಆಕಾರ ಮಾತ್ರ ಬೇರೆ. ಅವೆರಡನ್ನು ಬೇರ್ಪಡಿಸುವುದು ಸುಲಭದ ಕೆಲಸವಲ್ಲ. ರಿಚರ್ಡ್ಸನ್ ಬೇರ್ಪಡಿಸಿದರು. ಒಂದು ರೂಪ ಈಸ್ಟ್ರೊಜನ್ನಿನ ಕೆಲಸಕ್ಕೆ ಅಡ್ಡಗಾಲು ಹಾಕಿತು. ಇನ್ನೊಂದು ರೂಪ, ನಂಬರ್ 47,699, ತಾನೇ ಈಸ್ಟ್ರೊಜನ್ ಥರ ವರ್ತಿಸಿತು. ಎರಡನ್ನೂ ಬೆರಕೆಯಲ್ಲೇ ಪರೀಕ್ಷೆಗೆ ಕಳಿಸಿದ್ದರೆ ಒಂದು ಇನ್ನೊಂದನ್ನು ಮುಚ್ಚಿಹಾಕಿ ಫಲಿತಾಂಶ ಗೊಂದಲವಾಗಿರುತ್ತಿತ್ತು. ಮೈಕಲ್ ಹಾರ್ಪರ್ ಮತ್ತು ವಾಲ್ಪೋಲ್ 1966ರಲ್ಲಿ ನೇಚರ್ ಪತ್ರಿಕೆಯಲ್ಲಿ ಈ ವ್ಯತ್ಯಾಸ ಪ್ರಕಟಿಸಿದರು. ಟ್ಯಾಮಾಕ್ಸಿಫೆನ್ನಿನ ಕಥೆ ಹೇಳುವವರು ವಾಲ್ಪೋಲರ ಹೆಸರನ್ನಾದರೂ ಹೇಳುತ್ತಾರೆ, ಅಣುವನ್ನು ಕೈಯಾರೆ ಮಾಡಿದ ಹೆಂಗಸಿನ ಹೆಸರು ಬಹಳ ಕಾಲ ಅಡಿಟಿಪ್ಪಣಿಯಲ್ಲೇ ಉಳಿದಿತ್ತು. ಕೋಡ್ ಬರೆದವರು ಒಬ್ಬರು, ಡೆಮೋ ಕೊಟ್ಟವರು ಇನ್ನೊಬ್ಬರು. ನಮಗೆ ಹೊಸದೇನಲ್ಲ.

ಇಲಿಗಳಲ್ಲಿ 46,474 ಚೆನ್ನಾಗಿ ಕೆಲಸ ಮಾಡಿತು, ಗರ್ಭ ನಿಲ್ಲಲಿಲ್ಲ. ಹೆಂಗಸರಿಗೆ ಕೊಟ್ಟರೆ ಪೂರ್ತಿ ಉಲ್ಟಾ: ಅಂಡ ಬಿಡುಗಡೆ ಹೆಚ್ಚಾಯಿತು! ಕಾರಣ ಈಗ ಗೊತ್ತು. ಮೆದುಳು ರಕ್ತದಲ್ಲಿ ಈಸ್ಟ್ರೊಜನ್ ಎಷ್ಟಿದೆ ಅಂತ ನೋಡುತ್ತಲೇ ಇರುತ್ತೆ, ಸಾಕಷ್ಟಿದ್ದರೆ ಅಂಡಾಶಯಕ್ಕೆ ಕೊಡುವ ಆಜ್ಞೆ ಕಡಿಮೆ ಮಾಡುತ್ತೆ. ಟ್ಯಾಮಾಕ್ಸಿಫೆನ್ ಹೋಗಿ ಆ ಸೆನ್ಸರ್ ಮುಚ್ಚಿದರೆ, ಮೆದುಳು ಈಸ್ಟ್ರೊಜನ್ ಇಲ್ಲ ಅಂತ ತಿಳಿದು ಇನ್ನೂ ಜೋರಾಗಿ ಆಜ್ಞೆ ಕೊಡುತ್ತೆ. ಗರ್ಭ ತಡೆಯಲು ಹೊರಟ ಮಾತ್ರೆ ಗರ್ಭ ಕಟ್ಟಲು ನೆರವಾಗುವ ಮಾತ್ರೆಯಾಯಿತು. ಕಂಪನಿಯ ಲೆಕ್ಕದಲ್ಲಿ ಇದು ಫೇಲ್ ಆದ ಪ್ರಾಜೆಕ್ಟ್.

ವಾಲ್ಪೋಲ್‌ಗೆ ಮಾತ್ರ ಹಳೆಯ ಒಂದು ಆಸಕ್ತಿ ಇತ್ತು. 1940ರ ದಶಕದ ಕೊನೆಯಲ್ಲಿ ಅವರು ಮ್ಯಾಂಚೆಸ್ಟರಿನ ಕ್ರಿಸ್ಟಿ ಆಸ್ಪತ್ರೆಯ ಡಾಕ್ಟರ ಜತೆ ಸೇರಿ ಹಾರ್ಮೋನ್ ಮತ್ತು ಸ್ತನ ಕ್ಯಾನ್ಸರ್ ಬಗ್ಗೆ ಕೆಲಸ ಮಾಡಿದ್ದರು. ಆ ಪರಿಚಯದಲ್ಲೇ ಮಾತ್ರೆ ಕ್ರಿಸ್ಟಿಗೆ ಹೋಯಿತು. ಮೇರಿ ಕೋಲ್ ಮತ್ತು ಜತೆಗಾರರು ಕೊನೆಯ ಹಂತ ಮುಟ್ಟಿದ್ದ ಅಥವಾ ಮರುಕಳಿಸಿದ್ದ ಸ್ತನ ಕ್ಯಾನ್ಸರಿನ 46 ಹೆಂಗಸರಿಗೆ ಕೊಟ್ಟು 1971ರಲ್ಲಿ ಫಲಿತಾಂಶ ಪ್ರಕಟಿಸಿದರು. 10 ಜನಕ್ಕೆ ಸ್ಪಷ್ಟವಾಗಿ ಗುಣ ಕಂಡಿತ್ತು. ಅಂಥ ದೊಡ್ಡ ಅಂಕಿಯೇನಲ್ಲ. ಆದರೆ ಆಗ ಕೊಡುತ್ತಿದ್ದ ಬೇರೆ ಹಾರ್ಮೋನ್ ಔಷಧಿಗಳಿಗೆ ಹೋಲಿಸಿದರೆ ಇದರ ತೊಂದರೆ ಬಹಳ ಕಡಿಮೆ. ಮಾರುಕಟ್ಟೆ ಚಿಕ್ಕದು, ದುಡ್ಡು ಬರಲ್ಲ ಅಂತ ಕಂಪನಿಯ ಒಳಗೇ ಕೈಬಿಡುವ ಮಾತು ಬಂತು, ವಾಲ್ಪೋಲ್ ಪಟ್ಟು ಹಿಡಿದರು. 1973ರಲ್ಲಿ ಬ್ರಿಟನ್ನಿನಲ್ಲಿ, 1977ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅಮೆರಿಕದ ಒಪ್ಪಿಗೆ ನೋಡಲು ವಾಲ್ಪೋಲ್ ಇರಲಿಲ್ಲ, ಅದೇ ವರ್ಷ ತೀರಿಕೊಂಡಿದ್ದರು. ಬರೀ ಕೊನೆಯ ಹಂತದವರಿಗಲ್ಲ, ಆಪರೇಷನ್ ಆದ ಕೂಡಲೇ, ವರ್ಷಗಟ್ಟಲೆ ಕೊಡಬೇಕು ಅನ್ನುವ ಯೋಚನೆಗೆ ಇಲಿಗಳಲ್ಲಿ ಆಧಾರ ಹುಡುಕಿದವರು ಕ್ರೇಗ್ ಜೋರ್ಡನ್. ಅವರ ಪಿಎಚ್‌ಡಿ ಪರೀಕ್ಷೆಗೆ ಬಂದಿದ್ದವರು ಇದೇ ವಾಲ್ಪೋಲ್.

ಸರಿ, ಒಳಗೆ ಹೋಗಿ ಏನು ಮಾಡುತ್ತೆ?

ಬೀಗ-ಕೀಲಿಕೈ ಹೋಲಿಕೆಯನ್ನು ನೀವೂ ಕೇಳಿರ್ತೀರಿ. 1894ರಲ್ಲಿ ಎಮಿಲ್ ಫಿಷರ್ ಕಿಣ್ವಗಳ ಬಗ್ಗೆ ಹೇಳಿದ್ದು. ಈ ವಿಷಯಕ್ಕೆ ಅದು ಅರ್ಧ ಮಾತ್ರ ಸರಿ. ಯಾಕೆಂದರೆ ಈ ಬೀಗ ಕಬ್ಬಿಣದ್ದಲ್ಲ, ಒಳಗೆ ಯಾವ ಕೀಲಿ ಇದೆ ಅನ್ನುವುದರ ಮೇಲೆ ತಾನೇ ಆಕಾರ ಬದಲಿಸುತ್ತೆ.

ಈಸ್ಟ್ರೊಜನ್ ರಿಸೆಪ್ಟರ್ ಅನ್ನೋದು 595 ಅಮೈನೋ ಆಮ್ಲಗಳನ್ನು ಪೋಣಿಸಿದ ಒಂದು ಪ್ರೋಟೀನ್. ಜೀವಕೋಶದ ಕೇಂದ್ರದಲ್ಲಿ, ಡಿಎನ್‌ಎ ಪಕ್ಕದಲ್ಲೇ ಇರುತ್ತೆ. ಹಾರ್ಮೋನ್ ಹಿಡಿಯುವ ಅದರ ಭಾಗ ಹನ್ನೆರಡು ಸುರುಳಿಗಳಾಗಿ ಮಡಚಿಕೊಂಡಿದೆ. ಆ ಸುರುಳಿಗಳ ನಡುವೆ ಒಂದು ಪೊಟರೆ. ಪೊಟರೆಯ ಒಳಗೋಡೆಯೆಲ್ಲ ಎಣ್ಣೆಯ ಸ್ವಭಾವದ್ದು, ಎರಡು ತುದಿಯಲ್ಲಿ ಮಾತ್ರ ಕೊಕ್ಕೆಗಳಿವೆ. ಎಸ್ಟ್ರಾಡಯಾಲ್ ಚಪ್ಪಟೆ ಅಣು, ಅದರ ಎರಡು ತುದಿಯಲ್ಲೂ ಒಂದೊಂದು ಆಮ್ಲಜನಕ-ಜಲಜನಕದ ಜೋಡಿ ಇದೆ. ಒಂದು ತುದಿ 353 ಮತ್ತು 394ನೇ ಅಮೈನೋ ಆಮ್ಲಗಳ ಕೊಕ್ಕೆಗೆ, ಇನ್ನೊಂದು ತುದಿ 524ನೆಯದಕ್ಕೆ ಸಿಕ್ಕಿಹಾಕಿಕೊಳ್ಳುತ್ತೆ. ಅದು ಸರಿಯಾಗಿ ಕೂತ ಕೂಡಲೇ ಹನ್ನೆರಡನೇ ಸುರುಳಿ ಬಂದು ಪೊಟರೆಯ ಬಾಯಿ ಮುಚ್ಚುತ್ತೆ, ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ. ಮುಚ್ಚಳ ಬಿದ್ದಾಗ ರಿಸೆಪ್ಟರಿನ ಹೊರಮೈಯಲ್ಲಿ ಒಂದು ಹೊಸ ತೋಡು ಸಿದ್ಧವಾಗುತ್ತೆ. ಕೋಆಕ್ಟಿವೇಟರ್ ಅನ್ನುವ ಸಹಾಯಕ ಪ್ರೋಟೀನ್‌ಗಳು ಬಂದು ಕೂರುವುದು ಅಲ್ಲಿಗೆ. ಅವು ಕೂತರೆ ಮಾತ್ರ ಜೀನ್ ಓದುವ ಯಂತ್ರ ಶುರುವಾಗಿ, ಜೀವಕೋಶ ಇಬ್ಬಾಗವಾಗು ಅನ್ನುವ ಆಜ್ಞೆ ಹೊರಡುತ್ತೆ.

ಈ ರಿಸೆಪ್ಟರ್‌ಗಳು ಜೋಡಿಯಾಗಿ ಡಿಎನ್‌ಎ ಮೇಲೆ ಕೂರುತ್ತವೆ. ಕೂರುವ ಜಾಗದ ಗುರುತು ಒಂದು ಎಳೆಯಲ್ಲಿ ಎಜಿಜಿಟಿಸಿಎ, ಮೂರು ಅಕ್ಷರ ಬಿಟ್ಟು ಎದುರು ಎಳೆಯಲ್ಲಿ ಹಿಂದಿನಿಂದ ಓದಿದರೆ ಮತ್ತೆ ಅದೇ ಎಜಿಜಿಟಿಸಿಎ. ಪ್ಯಾಲಿಂಡ್ರೋಮ್! ಇಂಟರ್‌ವ್ಯೂನಲ್ಲಿ ಬೋರ್ಡ್ ಮೇಲೆ ಪ್ಯಾಲಿಂಡ್ರೋಮ್ ಕೋಡ್ ಬರೆಸಿದಾಗೆಲ್ಲ ಇದರಿಂದ ಯಾರಿಗೆ ಉಪಯೋಗ ಅಂತ ಬೈದುಕೊಂಡಿದ್ದೆ. ಆ ಮಾತು ವಾಪಸ್.

ಈಗ ಟ್ಯಾಮಾಕ್ಸಿಫೆನ್. ನುಂಗಿದ ರೂಪದಲ್ಲೇ ಅದು ರಿಸೆಪ್ಟರನ್ನು ಅಷ್ಟು ಗಟ್ಟಿಯಾಗಿ ಹಿಡಿಯಲ್ಲ. ಯಕೃತ್ತಿನಲ್ಲಿ ಸಿವೈಪಿ2ಡಿ6 ಮೊದಲಾದ ಕಿಣ್ವಗಳು ಅದಕ್ಕೊಂದು ಆಮ್ಲಜನಕ-ಜಲಜನಕದ ಜೋಡಿ ಅಂಟಿಸುತ್ತವೆ, ಎಸ್ಟ್ರಾಡಯಾಲ್‌ನ ತುದಿಯಲ್ಲಿರುವಂಥದ್ದೇ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ಈ ಕಿಣ್ವವನ್ನು ತಡೆಯುತ್ತವೆ, ಹಾಗಾಗಿ ಟ್ಯಾಮಾಕ್ಸಿಫೆನ್ ತಗೊಳ್ಳುವವರು ಬೇರೆ ಏನೇನು ಮಾತ್ರೆ ನುಂಗುತ್ತಿದ್ದೀವಿ ಅಂತ ಡಾಕ್ಟರಿಗೆ ಹೇಳಲೇಬೇಕು. ಇರಲಿ. ಈ ಹೊಸ ತುದಿ ಸಿಕ್ಕಮೇಲೆ ಅದು ಅದೇ ಪೊಟರೆಗೆ ಹೋಗಿ, ಅದೇ 353, 394ರ ಕೊಕ್ಕೆಗೆ ಸಿಕ್ಕಿಕೊಳ್ಳುತ್ತೆ. ರಿಸೆಪ್ಟರ್ ಪಾಲಿಗೆ ನೆಂಟರೇ ಬಂದರು ಅನ್ನುವ ಭಾವನೆ. ಆದರೆ ಟ್ಯಾಮಾಕ್ಸಿಫೆನ್‌ಗೆ ಒಂದು ಬಾಲ ಇದೆ, ತುದಿಯಲ್ಲಿ ಸಾರಜನಕ ಇರುವ ಉದ್ದನೆಯ ಕೊಂಡಿ. ಅದು ಪೊಟರೆಯೊಳಗೆ ಹಿಡಿಸಲ್ಲ. ಮೂರನೇ ಮತ್ತು ಹನ್ನೊಂದನೇ ಸುರುಳಿಗಳ ಸಂದಿನಿಂದ ಹೊರಕ್ಕೆ ಚಾಚಿ, 351ನೇ ಅಮೈನೋ ಆಮ್ಲದ ಪಕ್ಕ ನಿಲ್ಲುತ್ತೆ. ಸಾರಿನ ಪಾತ್ರೆಯಲ್ಲಿ ಸೌಟು ಬಿಟ್ಟು ಮುಚ್ಚಳ ಹಾಕಲು ಹೋದರೆ ಏನಾಗುತ್ತೆ? ಮುಚ್ಚಳ ಕೂರಲ್ಲ.

ಮುಚ್ಚಳ ಬರೀ ತೆರೆದುಕೊಂಡು ನಿಂತಿರುತ್ತೆ ಅಂದುಕೊಂಡರೆ ಅರ್ಧ ಕಥೆ ಬಿಟ್ಟುಹೋಗುತ್ತೆ. 1998ರಲ್ಲಿ ಜೆನ್ಸನ್ ಜತೆ ಕೆಲಸ ಮಾಡಿದ್ದ ಜೆಫ್ರಿ ಗ್ರೀನ್ ಮತ್ತು ಜತೆಗಾರರು ಟ್ಯಾಮಾಕ್ಸಿಫೆನ್ ಕೂತಿರುವ ರಿಸೆಪ್ಟರನ್ನು ಹರಳಾಗಿಸಿ ಎಕ್ಸ್-ರೇಯಲ್ಲಿ ಅದರ ರಚನೆ ನೋಡಿದರು. ಅದರ ಹಿಂದಿನ ವರ್ಷ ಬ್ರಿಟನ್ನಿನ ಯಾರ್ಕ್‌ನಲ್ಲಿ ಎಸ್ಟ್ರಾಡಯಾಲ್ ಇರುವ ರಚನೆ, ಇದೇ ಜಾತಿಯ ರಾಲಾಕ್ಸಿಫೀನ್ ಇರುವ ರಚನೆ ಎರಡನ್ನೂ ಕಂಡುಹಿಡಿದಿದ್ದರು. ಕಂಡದ್ದು ಇದು: ಜಾಗ ತಪ್ಪಿದ ಹನ್ನೆರಡನೇ ಸುರುಳಿ ಜಾರಿಹೋಗಿ ಕೋಆಕ್ಟಿವೇಟರ್ ಕೂರಬೇಕಾದ ತೋಡಿನೊಳಗೇ ಮಲಗಿಬಿಡುತ್ತೆ. ಕೋಆಕ್ಟಿವೇಟರ್‌ಗಳು ತಮ್ಮ ಮೈಮೇಲಿನ ಒಂದು ಗುರುತಿನಿಂದ ಆ ತೋಡಿಗೆ ಹೊಂದಿಕೊಳ್ಳುತ್ತವೆ: ಒಂದು ಲ್ಯೂಸಿನ್, ನಡುವೆ ಯಾವುದಾದರೂ ಎರಡು, ಆಮೇಲೆ ಎರಡು ಲ್ಯೂಸಿನ್. ಹನ್ನೆರಡನೇ ಸುರುಳಿಯಲ್ಲೂ ಹೆಚ್ಚುಕಮ್ಮಿ ಅಂಥದ್ದೇ ಸಾಲು ಇದೆ. ಅಂದರೆ ಸಹಾಯಕನಿಗೆ ಮೀಸಲಿಟ್ಟ ಸೀಟಿನಲ್ಲಿ ರಿಸೆಪ್ಟರಿನದೇ ಮುಚ್ಚಳ ಟವೆಲ್ ಹಾಸಿ ಕೂತಿದೆ. ಹಬ್ಬದ ಹಿಂದಿನ ದಿನ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಿಸೆಪ್ಟರ್ ಡಿಎನ್‌ಎ ಮೇಲೆ ಹೋಗಿ ಕೂರುತ್ತೆ, ಎಲ್ಲ ಸರಿ ಇರುವ ಹಾಗೇ ಕಾಣುತ್ತೆ, ಆಜ್ಞೆ ಮಾತ್ರ ಹೊರಡಲ್ಲ.

ಆದ್ದರಿಂದ ಅಮ್ಮನ ಪ್ರಶ್ನೆಗೆ ಉತ್ತರ: ಇದು ಹಾರ್ಮೋನ್ ಅಲ್ಲ. ಹಾರ್ಮೋನಿನ ವೇಷ ಹಾಕಿಕೊಂಡು ಅದರ ಕುರ್ಚಿಯಲ್ಲಿ ಕೂರುವ ಬೇರೆಯೇ ಅಣು.

ಇಲ್ಲಿಗೇ ನಿಲ್ಲಿಸಿದ್ದರೆ ನನಗೂ ಸುಲಭವಿತ್ತು. ಆದರೆ ಅಮ್ಮನಿಗೆ ಪಕ್ಕದ ಊರಿನ ಯಾರೋ ಇನ್ನೊಂದು ಮಾತು ಹೇಳಿದ್ದರು, ಈ ಮಾತ್ರೆಯಿಂದ ಗರ್ಭಕೋಶದ ಕ್ಯಾನ್ಸರ್ ಬರುತ್ತಂತೆ ಅಂತ. ಸುಳ್ಳು ಅಂತ ತಳ್ಳಿಹಾಕೋಣ ಅಂದುಕೊಂಡೇ ಹುಡುಕಿದೆ. ಸುಳ್ಳಲ್ಲ. 1988ರಲ್ಲಿ ಜೋರ್ಡನ್ ತಂಡ ಒಂದೇ ಇಲಿಯ ಮೈಯಲ್ಲಿ ಮನುಷ್ಯರ ಸ್ತನದ ಗಡ್ಡೆ ಮತ್ತು ಗರ್ಭಕೋಶದ ಒಳಪದರದ ಗಡ್ಡೆ ಎರಡನ್ನೂ ಬೆಳೆಸಿ ಟ್ಯಾಮಾಕ್ಸಿಫೆನ್ ಕೊಟ್ಟಿತ್ತು. ಸ್ತನದ ಗಡ್ಡೆ ತಡೆಯಿತು, ಗರ್ಭಕೋಶದ್ದು ಬೆಳೆಯಿತು. ಅದೇ ಇಲಿ, ಅದೇ ಮಾತ್ರೆ, ಅದೇ ರಿಸೆಪ್ಟರ್. ಕಾರಣ, ರಿಸೆಪ್ಟರಿಗೆ ಕೆಲಸ ಮಾಡಿಸುವ ಇನ್ನೊಂದು ಭಾಗವೂ ಇದೆ, ಅದನ್ನು ಟ್ಯಾಮಾಕ್ಸಿಫೆನ್ ಮುಚ್ಚಲ್ಲ. ಯಾವ ಅಂಗದಲ್ಲಿ ಯಾವ ಕೋಆಕ್ಟಿವೇಟರ್ ಎಷ್ಟಿದೆ ಅನ್ನುವುದರ ಮೇಲೆ ಆ ಭಾಗ ಕೆಲಸ ಮಾಡುತ್ತೋ ಇಲ್ಲವೋ ನಿರ್ಧಾರವಾಗುತ್ತೆ. ಗರ್ಭಕೋಶದಲ್ಲಿ ಅಂಥ ಸಹಾಯಕರು ಹೆಚ್ಚು. ಕೋಡ್ ಒಂದೇ, ಅದು ಓಡುವ ಎನ್ವಿರಾನ್‌ಮೆಂಟ್ ಬೇರೆ. 'ನನ್ನ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗೇ ಇದೆಯಲ್ಲ' ಅನ್ನುವ ಜಗಳ ಜೀವಕೋಶಗಳಲ್ಲೂ ಇದೆ ಅಂತಾಯಿತು. ಮೂಳೆಯಲ್ಲಿ ಇದೇ ಗುಣದಿಂದ ಲಾಭ: ಮುಟ್ಟು ನಿಂತವರ ಮೂಳೆ ಸವೆಯದಂತೆ ಈಸ್ಟ್ರೊಜನ್ನಿನ ಹಾಗೇ ಕಾಪಾಡುತ್ತೆ. ಗರ್ಭಕೋಶದ ಅಪಾಯ ಮುಖ್ಯವಾಗಿ ಮುಟ್ಟು ನಿಂತ, 50 ದಾಟಿದವರಿಗೆ. ಬಂದವರು ಕಡಿಮೆ, ಆದರೆ ಮಧ್ಯೆ ರಕ್ತ ಹೋದರೆ ಒಂದು ದಿನವೂ ಕಾಯದೆ ತೋರಿಸಬೇಕು. ಇನ್ನೊಂದು ಕಡೆಯ ತಕ್ಕಡಿಯಲ್ಲಿರುವುದು ಇದು: 2011ರಲ್ಲಿ 20 ಪ್ರಯೋಗಗಳ 21,000ಕ್ಕೂ ಹೆಚ್ಚು ಹೆಂಗಸರ ಲೆಕ್ಕ ಒಟ್ಟುಮಾಡಿ ನೋಡಿದಾಗ, ರಿಸೆಪ್ಟರ್ ಇರುವವರು ಐದು ವರ್ಷ ಟ್ಯಾಮಾಕ್ಸಿಫೆನ್ ತಗೊಂಡರೆ ಮೊದಲ 15 ವರ್ಷಗಳಲ್ಲಿ ಸ್ತನ ಕ್ಯಾನ್ಸರಿನಿಂದ ಸಾಯುವುದು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗಿತ್ತು.

ಸಂಕ್ರಾಂತಿಗೆ ಊರಿಗೆ ಹೋದಾಗ ಅಮ್ಮನ ಮುಂದೆ ಕೂತು ಎಲ್ಲ ಹೇಳಿದೆ. 353, 394 ಬಿಟ್ಟು. ಬೀಟ್ಸನ್ನಿನ ಹಸು ಅಮ್ಮನಿಗೆ ತಕ್ಷಣ ಅರ್ಥವಾಯಿತು, ಪಾಪ ಅಂದಳು. ಸೌಟು, ಮುಚ್ಚಳ ಅಡುಗೆಮನೆಯಲ್ಲೇ ಇದ್ದವು, ತೋರಿಸಿದೆ. ಗರ್ಭಕೋಶದ ವಿಷಯವನ್ನೂ ಮುಚ್ಚಿಡಲಿಲ್ಲ. ಮಾತ್ರೆ ಹುಟ್ಟಿದ್ದು ಗರ್ಭನಿರೋಧಕ್ಕೆ ಅಂದಾಗ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಅಂದ್ರೆ ಈ ವಯಸ್ಸಲ್ಲಿ ನಂಗೆ ಫ್ಯಾಮಿಲಿ ಪ್ಲಾನಿಂಗ್ ಮಾತ್ರೆ ಕೊಟ್ಟವ್ರಾ?"

ಆಗ ನಾನು ಲಖನೌ ಕಥೆ ತೆಗೆದೆ. ಇಂಗ್ಲೆಂಡಿನವರಿಗೆ ಆಗದೇ ಹೋದದ್ದು ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯವರಿಗೆ ಆಯಿತು. ನಿತ್ಯಾನಂದ್ ಮತ್ತು ಜತೆಗಾರರು ಇದೇ ರಿಸೆಪ್ಟರಿನ ಮೇಲೆ ಕೂರುವ ಸೆಂಟ್‌ಕ್ರೋಮನ್ ಅನ್ನುವ ಅಣು ಮಾಡಿದರು. 1991ರಲ್ಲಿ ಸಹೇಲಿ ಅನ್ನುವ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದೇ ಮಾತ್ರೆ. ಅದರಲ್ಲಿ ಹಾರ್ಮೋನೇ ಇಲ್ಲ. 2016ರಿಂದ ಸರ್ಕಾರದ ಕುಟುಂಬ ಯೋಜನೆಯಲ್ಲಿ ಅದೇ ಮಾತ್ರೆ ಛಾಯಾ ಅನ್ನುವ ಹೆಸರಿನಲ್ಲಿ ಪುಕ್ಕಟೆ.

"ಛಾಯಾನಾ? ನಮ್ಮ ಆಶಾ ಕಾರ್ಯಕರ್ತೆ ಎದುರುಮನೆ ಸೊಸೆಗೆ ತಂದುಕೊಡೋದು ಅದನ್ನೇ ಅಲ್ವಾ?"

"ಅದೇ ಅಮ್ಮ. ನಿನ್ನ ಮಾತ್ರೆಗೂ ಅದಕ್ಕೂ ದಾಯಾದಿ ಸಂಬಂಧ."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಧಗೆ ಮಾತ್ರ ಹೋಗಲ್ವಾ ಹಂಗಾದ್ರೆ?" ಅಂದಳು. ಮೆದುಳಿನಲ್ಲಿ ಮೈಬಿಸಿ ನೋಡಿಕೊಳ್ಳುವ ಕಡೆಯೂ ಈಸ್ಟ್ರೊಜನ್‌ಗೆ ಕೆಲಸವಿದೆ, ಅಲ್ಲೂ ಇದು ಅಡ್ಡ ಕೂರುತ್ತೆ, ಪೂರ್ತಿ ಹೋಗಲಿಕ್ಕಿಲ್ಲ ಅಂದೆ. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಬಿಟ್ಟ 40 ದಿನದ ವಿಷಯ ಅವಳೇ ಹೇಳಿದಳು. ಅವರು ಬೈಯಲಿಲ್ಲ, ಧಗೆಗೆ ಏನೋ ಬರೆದುಕೊಟ್ಟರು. ನಾನು ನಡುವೆ ಬಾಯಿ ಹಾಕಿ ಸಿವೈಪಿ2ಡಿ6 ಅಂದಾಗ ಕನ್ನಡಕದ ಮೇಲಿಂದ ನೋಡಿ, "ನೋಡೇ ಬರ್ದಿದ್ದೀನಿ ಇಂಜಿನಿಯರ್ರೇ" ಅಂದರು.

ಈಗ ಮಾತ್ರೆ ಮೆಂತ್ಯದ ಡಬ್ಬಿಯಲ್ಲಿಲ್ಲ. ದೇವರಮನೆಯ ಗೂಡಿನಲ್ಲಿ, ಊದಿನಕಡ್ಡಿ ಪ್ಯಾಕೆಟ್ಟಿನ ಪಕ್ಕದಲ್ಲಿದೆ. ರಾತ್ರಿ ಊಟ ಆದಮೇಲೆ ಒಂದು ನುಂಗಿ ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಒಂದು ಗೀಟು ಎಳೆಯುತ್ತಾಳೆ. ಮೊನ್ನೆ ಫೋನಿನಲ್ಲಿ, ಇನ್ನು ಮೂರು ವರ್ಷ ಒಂದು ತಿಂಗಳು ಬಾಕಿ ಅಂದಳು. ಹತ್ತು ವರ್ಷ ತಗೊಂಡರೆ ಇನ್ನೂ ಒಳ್ಳೇದು ಅಂತ 2012ರಲ್ಲಿ ಬಂದ ಒಂದು ಅಧ್ಯಯನವನ್ನೂ ಓದಿದ್ದೇನೆ, ಅದನ್ನು ಅವಳಿಗಿನ್ನೂ ಹೇಳಿಲ್ಲ.